ಕಡಲ ಬ್ಯಾಕ್ಟೀರಿಯದ ಹೊಸ ಪ್ರಭೇದವನ್ನು ಗುರುತಿಸಿ ವರ್ಗೀಕರಿಸುವ ಬಗೆ

ಕಡಲ ನೀರಿನಿಂದಲೋ ಅಳಿವೆಯ ಕೆಸರಿನಿಂದಲೋ ಬೇರ್ಪಡಿಸಿದ ಬ್ಯಾಕ್ಟೀರಿಯವೊಂದನ್ನು ಹೊಸ ಪ್ರಭೇದವೆಂದು ಕರೆಯುವುದು ಒಂದು ವಾದ, ಮತ್ತು ಅದನ್ನು ಸಾಬೀತುಪಡಿಸುವ ಹೊಣೆ ಪೂರ್ತಿಯಾಗಿ ವಾದ ಹೂಡಿದವರದು. ಈಗಾಗಲೇ ಹೆಸರು ಪಡೆದಿರುವ ಯಾವ ಪ್ರಭೇದಕ್ಕೂ ಅದು ಸೇರುವುದಿಲ್ಲ ಎಂಬುದನ್ನು, ಅದರ ಅತ್ಯಂತ ಸಮೀಪದ ಸಂಬಂಧಿಗಳನ್ನು ತರಿಸಿಕೊಂಡು, ಅದೇ ಪೋಷಕ ಮಾಧ್ಯಮದಲ್ಲಿ ಅದೇ ಉಷ್ಣತೆಯಲ್ಲಿ ಬೆಳೆಸಿ, ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕಾಗುತ್ತದೆ. ಆದ್ದರಿಂದ ಇದಕ್ಕೆ ಎಲ್ಲೋ ಈಗಾಗಲೇ ಹೆಸರಿದೆ ಎಂಬ ಅನುಮಾನದಿಂದಲೇ ಕೆಲಸ ಆರಂಭಿಸುವುದು ಒಳ್ಳೆಯದು. ಬಹುಪಾಲು ತಳಿಗಳು, ಅಂದರೆ ಹೀಗೆ ಬೇರ್ಪಡಿಸಿ ಶುದ್ಧವಾಗಿ ಬೆಳೆಸಿದ ಸಂತತಿಗಳು, ಆ ಅನುಮಾನವನ್ನು ನಿಜಮಾಡುತ್ತವೆ. ಉಳಿಯುವ ಕೆಲವಕ್ಕೆ ಮಾತ್ರ ಮುಂದಿನ ಶ್ರಮ ಮತ್ತು ಖರ್ಚು ಸಲ್ಲುತ್ತದೆ. ಸೂಕ್ಷ್ಮಜೀವಿ ವಿಜ್ಞಾನದ ಪ್ರಯೋಗಾಲಯದಲ್ಲಿ ಕೈ ಪಳಗಿರುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಸಂಶೋಧಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಆ ದಾರಿಯನ್ನು ಇಲ್ಲಿ ವಿವರಿಸಲಾಗಿದೆ.

ನಮೂನೆ ಮತ್ತು ಅದರ ದಾಖಲೆ

ಎಲ್ಲಿಂದ ತೆಗೆಯಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ಆದರೆ ಪರಿಸ್ಥಿತಿಗಳು ಬೇಗಬೇಗ ಬದಲಾಗುವ ಜಾಗಗಳಲ್ಲಿ ವೈವಿಧ್ಯ ಹೆಚ್ಚು. ಕಾರವಾರದ ಕಾಳಿ ಅಳಿವೆಯನ್ನೇ ನೋಡಿ: ಮಳೆಗಾಲದಲ್ಲಿ ನದಿಯ ಸಿಹಿನೀರು ನುಗ್ಗಿ ಲವಣಾಂಶ ತೀರಾ ಇಳಿಯುತ್ತದೆ, ಬೇಸಿಗೆಯಲ್ಲಿ ಅದು ಕಡಲಿನ ಮಟ್ಟದ ಸಮೀಪಕ್ಕೆ ಏರುತ್ತದೆ, ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವಿನ ಕೆಸರಿನಲ್ಲಿ ಮೇಲಿನ ತೆಳುಪದರವನ್ನು ಬಿಟ್ಟರೆ ಕೆಳಗೆ ಆಮ್ಲಜನಕ ಬಹುತೇಕ ಇರುವುದೇ ಇಲ್ಲ. ನೆರೆಯ ಗೋವೆಯ ಕಾಂಡ್ಲ ಮಣ್ಣಿನಿಂದ ಬೇರ್ಪಡಿಸಿದ ನೇರಳೆ ಗಂಧಕ ಬ್ಯಾಕ್ಟೀರಿಯವೊಂದು 2005ರಲ್ಲಿ ಮಾರಿಕ್ರೊಮಾಟಿಯಮ್ ಇಂಡಿಕಮ್ ಎಂಬ ಹೆಸರು ಪಡೆಯಿತು. ಪಾಕ್ ಕೊಲ್ಲಿಯ ಕೆಸರು 2013ರಲ್ಲಿ ಫೋಟೋಬ್ಯಾಕ್ಟೀರಿಯಮ್ ಮರೈನಮ್ ಅನ್ನು ಕೊಟ್ಟಿತು. ಹೊಸದನ್ನು ಹುಡುಕಲು ಆಳಸಮುದ್ರದ ಹಡಗನ್ನೇ ಹತ್ತಬೇಕೆಂದಿಲ್ಲ.

ನೀರನ್ನಾಗಲಿ ಕೆಸರನ್ನಾಗಲಿ ನಿರ್ಜೀವೀಕರಿಸಿದ ಪಾತ್ರೆಯಲ್ಲಿ ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಹೆಪ್ಪುಗಟ್ಟದಂತೆ ನೋಡಿಕೊಂಡು, ಕೆಲವೇ ಗಂಟೆಗಳೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಅಕ್ಷಾಂಶ ರೇಖಾಂಶ, ಆಳ, ದಿನಾಂಕ, ನೀರಿನ ಉಷ್ಣತೆ, ಲವಣಾಂಶ, ಪಿಎಚ್ ಇವಿಷ್ಟನ್ನು ಅಲ್ಲಿಯೇ ಬರೆದುಕೊಳ್ಳಬೇಕು, ಏಕೆಂದರೆ ಮುಂದೆ ಪ್ರಭೇದದ ಅಧಿಕೃತ ವರ್ಣನೆಯಲ್ಲಿ ಈ ಅಂಕಿಗಳನ್ನು ಕೇಳುತ್ತಾರೆ ಮತ್ತು ನೆನಪಿನಿಂದ ತುಂಬಿಸಿದ ಅಂಕಿ ಯಾರಿಗೂ ಬೇಡ. ಕಾಂಡ್ಲ ಕಾಡಿನೊಳಗೆ ಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿಯ ವಿಷಯವನ್ನೂ ಇತ್ಯರ್ಥ ಮಾಡಿಕೊಳ್ಳಿ.

ಬೇರ್ಪಡಿಸುವುದು: ತಾಳ್ಮೆ ಬೇಕಾದ ಹಂತ

ಮೇಲ್ಮೈ ಕಡಲ ನೀರಿನ ಒಂದು ಮಿಲಿಲೀಟರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯ ಕೋಶಗಳಿರುತ್ತವೆ. ಅದೇ ನೀರನ್ನು ಅಗರ್ ತಟ್ಟೆಯ ಮೇಲೆ ಹರಡಿದರೆ ಕಾಣಿಸುವ ಕಾಲೊನಿಗಳು (ಕೋಶಗಳು ಬೆಳೆದು ಕಣ್ಣಿಗೆ ಕಾಣುವ ಗುಂಪುಗಳು) ಅದರ ನೂರರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ಇದಕ್ಕೆ ಒಂದು ಕಾರಣ ನಾವು ಬಡಿಸುವ ಊಟವೇ. ಕ್ಲಾಡ್ ಜೋಬೆಲ್ 1941ರಲ್ಲಿ ರೂಪಿಸಿದ, ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ 2216 ಎಂಬ ಮರೈನ್ ಅಗರ್‌ನಲ್ಲಿ ಲೀಟರಿಗೆ 5 ಗ್ರಾಂ ಪೆಪ್ಟೋನ್, 1 ಗ್ರಾಂ ಯೀಸ್ಟ್ ಸಾರ ಇರುತ್ತವೆ. ತೆರೆದ ಕಡಲಿನ ನೀರಿನಲ್ಲಿ ಕರಗಿರುವ ಸಾವಯವ ಇಂಗಾಲವೋ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಈ ಶ್ರೀಮಂತ ಮಾಧ್ಯಮದಲ್ಲಿ ವಿಬ್ರಿಯೊ, ಸ್ಯೂಡೋಆಲ್ಟರೋಮೊನಾಸ್, ಬ್ಯಾಸಿಲಸ್ ಮುಂತಾದ ಚುರುಕಿನ ಜೀವಿಗಳು ಎರಡು ದಿನದಲ್ಲಿ ತಟ್ಟೆಯನ್ನೆಲ್ಲ ಆಕ್ರಮಿಸಿಬಿಡುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಹಳೆಯ ಪರಿಚಿತರೇ.

ಆದ್ದರಿಂದ ನಮೂನೆಯನ್ನು ನಿರ್ಜೀವೀಕರಿಸಿದ ಕಡಲ ನೀರಿನಲ್ಲಿ ಹತ್ತುಪಟ್ಟುಗಳ ಸರಣಿಯಲ್ಲಿ ತೆಳುಗೊಳಿಸಿ, ಪ್ರತಿ ಹಂತದಿಂದ 100 ಮೈಕ್ರೊಲೀಟರ್ ತೆಗೆದು, ಪೂರ್ಣ ಬಲದ ಮರೈನ್ ಅಗರ್ ಜೊತೆಗೆ ಹತ್ತನೇ ಒಂದು ಬಲದ ಅದೇ ಮಾಧ್ಯಮದ ಮೇಲೂ, ಕಡಲ ನೀರಿನಲ್ಲಿ ತಯಾರಿಸಿದ ಆರ್2ಎ ಎಂಬ ಪೋಷಕಾಂಶ ಕಡಿಮೆಯಿರುವ ಅಗರ್ ಮೇಲೂ ಹರಡಿ. ಫಾಸ್ಫೇಟ್ ಸೇರಿಸುವ ಮಾಧ್ಯಮವಾದರೆ ಅದನ್ನೂ ಅಗರನ್ನೂ ಬೇರೆಬೇರೆಯಾಗಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ನಿರ್ಜೀವೀಕರಿಸಿ) ಆಮೇಲೆ ಬೆರೆಸಬೇಕು. ಎರಡನ್ನೂ ಒಟ್ಟಿಗೆ ಕಾಯಿಸಿದಾಗ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗಿ ಸೂಕ್ಷ್ಮ ಪ್ರಕೃತಿಯ ತಳಿಗಳು ಮೊಳೆಯುವುದೇ ಇಲ್ಲ. ಇಷ್ಟು ಸಣ್ಣ ಬದಲಾವಣೆಯಿಂದ ತಟ್ಟೆಯ ಚಿತ್ರವೇ ಬದಲಾಗುತ್ತದೆಂಬುದು ಗೊತ್ತಿದ್ದೂ ಎಷ್ಟೋ ಪ್ರಯೋಗಾಲಯಗಳು ಹಳೆಯ ರೂಢಿಯನ್ನು ಬಿಟ್ಟಿಲ್ಲ. ತಟ್ಟೆಗಳನ್ನು 20ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಣಗದಂತೆ ಮುಚ್ಚಿ, ಕನಿಷ್ಠ ನಾಲ್ಕು ವಾರ ಇಟ್ಟು ಕಾಯಿರಿ. ಮೊದಲ ವಾರ ಕಾಣಿಸಿಕೊಳ್ಳುವ ಕಾಲೊನಿಗಳನ್ನು ತಟ್ಟೆಯ ಹಿಂಬದಿಯಲ್ಲಿ ಶಾಯಿಯಿಂದ ಗುರುತಿಸಿಟ್ಟರೆ ಆನಂತರ ಮೂಡುವ ಸೂಜಿಮೊನೆಯಂಥ ಸಣ್ಣ ಕಾಲೊನಿಗಳನ್ನು ತಪ್ಪದೆ ಹಿಡಿಯಬಹುದು. ನನ್ನ ದೃಷ್ಟಿಯಲ್ಲಿ ಹುಡುಕಾಟದ ನಿಜವಾದ ಫಲ ಆ ತಡವಾದ ಕಾಲೊನಿಗಳಲ್ಲಿದೆ.

ಅಗರನ್ನೇ ಒಲ್ಲದವುಗಳಿಗೆ ಇನ್ನೊಂದು ವಿಧಾನವುಂಟು. ಸಾರ್ಗಾಸೊ ಸಮುದ್ರದ ನೀರಿನಲ್ಲಿ 1990ರಲ್ಲಿ ಕೇವಲ ಜೀನುಗಳ ರೂಪದಲ್ಲಿ ಪತ್ತೆಯಾದ ಎಸ್‌ಎಆರ್11 ಎಂಬ ಗುಂಪು ಕಡಲಿನಲ್ಲಿ ಹೇರಳವಾಗಿದ್ದರೂ ಹನ್ನೆರಡು ವರ್ಷ ಯಾರ ತಟ್ಟೆಗೂ ಇಳಿಯಲಿಲ್ಲ. 2002ರಲ್ಲಿ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯವೊಂದರ ಸ್ಟೀಫನ್ ಜಿಯೊವನೋನಿ ಅವರ ತಂಡ, ಸೋಸಿ ನಿರ್ಜೀವೀಕರಿಸಿದ ಕಡಲ ನೀರನ್ನೇ ಮಾಧ್ಯಮವಾಗಿಟ್ಟುಕೊಂಡು, ಒಂದೊಂದು ಕುಳಿಗೆ ಬೆರಳೆಣಿಕೆಯಷ್ಟು ಕೋಶಗಳು ಮಾತ್ರ ಬೀಳುವಷ್ಟು ನಮೂನೆಯನ್ನು ತೆಳುಗೊಳಿಸಿ, ವಾರಗಟ್ಟಲೆ ಕಾದು ಅದನ್ನು ಬೆಳೆಸಿತು. ಇಲ್ಲಿ ದ್ರವ ಕದಡುವುದೇ ಇಲ್ಲ. ಕೋಶಗಳಿಗೆ ಪ್ರತಿದೀಪ್ತ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೋ ಫ್ಲೋ ಸೈಟೋಮೀಟರಿನಲ್ಲೋ ಎಣಿಸಿದರೆ ಮಾತ್ರ ಬೆಳವಣಿಗೆ ತಿಳಿಯುತ್ತದೆ.

ಕಾಲೊನಿಯನ್ನು ಆರಿಸಿದ ಮೇಲೆ ಹೊಸ ತಟ್ಟೆಯ ಮೇಲೆ ಕನಿಷ್ಠ ಮೂರು ಬಾರಿ ಗೀರಿ ಶುದ್ಧಗೊಳಿಸಿ, 20 ಪ್ರತಿಶತ ಗ್ಲಿಸರಾಲ್ ಇರುವ ದ್ರವದಲ್ಲಿ ಮೈನಸ್ 80 ಡಿಗ್ರಿಯಲ್ಲಿ ಹಲವು ಪ್ರತಿಗಳನ್ನು ಕಾಪಿಡಿ. ಕಡಲ ತಳಿಗಳಿಗೆ ಈ ಗ್ಲಿಸರಾಲನ್ನು ಬರಿಯ ನೀರಿನಲ್ಲಿ ಬೆರೆಸದೆ ಕಡಲ ಲವಣಗಳ ದ್ರವದಲ್ಲೇ ಬೆರೆಸಬೇಕು.

16ಎಸ್ ಜೀನು ಹೇಳುವುದೆಷ್ಟು

ಮೊದಲ ಜರಡಿ 16ಎಸ್ ಆರ್‌ಆರ್‌ಎನ್‌ಎ ಜೀನು, ಅಂದರೆ ಎಲ್ಲ ಬ್ಯಾಕ್ಟೀರಿಯಗಳಲ್ಲೂ ಇರುವ, ರೈಬೋಸೋಮಿನ ಆರ್‌ಎನ್‌ಎಗೆ ಸಂಬಂಧಿಸಿದ ಜೀನು. ಸುಮಾರು 1,500 ಬೇಸ್‌ಗಳ ಈ ಜೀನನ್ನು 27ಎಫ್ ಮತ್ತು 1492ಆರ್ ಪ್ರೈಮರುಗಳಿಂದ (ವರ್ಧನೆ ಆರಂಭಿಸುವ ಡಿಎನ್‌ಎ ತುಣುಕುಗಳಿಂದ) ವರ್ಧಿಸಿ, ಎರಡೂ ದಿಕ್ಕಿನಿಂದ ಓದಿಸಿ, ಕನಿಷ್ಠ 1,400 ಬೇಸ್‌ಗಳ ಸ್ವಚ್ಛ ಸರಣಿಯನ್ನು ಪಡೆಯಬೇಕು. 700 ಬೇಸ್‌ಗಳ ಅರೆಬರೆ ಓದು ಗುಂಪು ವಿಂಗಡಿಸಲು ಸಾಕು, ಹೊಸತನದ ವಾದಕ್ಕೆ ಸಾಲದು. ಹೋಲಿಕೆಗೆ ಎಲ್ಲರೂ ಮೊದಲು ಬ್ಲಾಸ್ಟ್ ಎಂಬ ಸರಣಿ ಹುಡುಕುವ ಸೇವೆಗೆ ಹೋಗುತ್ತಾರೆ. ಆದರೆ ಅಲ್ಲಿನ ಸಾರ್ವಜನಿಕ ಸಂಗ್ರಹದಲ್ಲಿ ಬೆಳೆಸದ ಜೀವಿಗಳ ತುಣುಕುಗಳೂ ತಪ್ಪು ಹೆಸರು ಹೊತ್ತ ತಳಿಗಳೂ ತುಂಬಿಕೊಂಡಿರುವುದರಿಂದ, ಮಾದರಿ ತಳಿಗಳಿಗಷ್ಟೇ ಸೀಮಿತಗೊಳಿಸಿ ಹುಡುಕಬೇಕು ಅಥವಾ ಅದಕ್ಕಾಗಿಯೇ ಇರುವ ಈಜ್‌ಬಯೋಕ್ಲೌಡ್ ಬಳಸಬೇಕು. ಮಾದರಿ ತಳಿ ಎಂದರೆ ಪ್ರಭೇದದ ಹೆಸರು ಶಾಶ್ವತವಾಗಿ ಅಂಟಿಕೊಂಡಿರುವ ಆ ಒಂದು ಜೀವಂತ ತಳಿ. ಹೋಲಿಕೆಯೆಲ್ಲ ಅದರೊಂದಿಗೇ ನಡೆಯಬೇಕು. ಯಾವ ಹೆಸರು ಇಂದು ಮಾನ್ಯ, ಯಾವುದು ಬೇರೆ ಕುಲಕ್ಕೆ (ಹತ್ತಿರದ ಪ್ರಭೇದಗಳ ಗುಂಪಿಗೆ) ವರ್ಗವಾಗಿದೆ ಎಂಬುದನ್ನು ಜರ್ಮನಿಯ ಡಿಎಸ್‌ಎಂಜೆಡ್ ಸಂಸ್ಥೆ ನೋಡಿಕೊಳ್ಳುತ್ತಿರುವ ಎಲ್‌ಪಿಎಸ್‌ಎನ್ ಎಂಬ ಉಚಿತ ಪಟ್ಟಿಯಲ್ಲಿ ಪರಿಶೀಲಿಸಿ.

ಅತ್ಯಂತ ಸಮೀಪದ ಮಾದರಿ ತಳಿಯೊಂದಿಗಿನ ಸಾಮ್ಯ 98.7 ಪ್ರತಿಶತಕ್ಕಿಂತ ಕಡಿಮೆಯಿದ್ದರೆ ಅದು ಬೇರೆ ಪ್ರಭೇದವೆಂದು ಬಹುಮಟ್ಟಿಗೆ ನಂಬಬಹುದು. ಹಳೆಯ ಪಠ್ಯಗಳಲ್ಲಿ ಕಾಣುವ 97 ಪ್ರತಿಶತದ ಗೆರೆಯನ್ನು ಇನ್ನು ಮರೆಯಿರಿ. ಆದರೆ ಸಾಮ್ಯ ಅದಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಅದೇ ಪ್ರಭೇದವೆಂದು ತೀರ್ಮಾನಿಸಲಾಗದು, ಮತ್ತು ಕಡಲ ಬ್ಯಾಕ್ಟೀರಿಯಗಳ ವಿಷಯದಲ್ಲಿ ಈ ಎಚ್ಚರಿಕೆಗೆ ವಿಶೇಷ ಕಾರಣವಿದೆ. ವಿಬ್ರಿಯೊ ಹಾರ್ವೆಯಿ, ವಿಬ್ರಿಯೊ ಕ್ಯಾಂಪ್‌ಬೆಲಿಯಿ ಮೊದಲಾದ ಪ್ರಭೇದಗಳಲ್ಲಿ ಈ ಜೀನು ಶೇಕಡ 99ಕ್ಕೂ ಮೇಲೆ ಒಂದೇ ಆಗಿರುತ್ತದೆ. ಬ್ಯಾಕ್ಟೀರಿಯಗಳು ಪರಸ್ಪರ ಸಂಕೇತ ಕಳಿಸಿಕೊಂಡು ಒಟ್ಟಾಗಿ ಬೆಳಕು ಹೊಮ್ಮಿಸುವುದನ್ನು ಅರಿಯಲು ದಶಕಗಳ ಕಾಲ ಬಳಸಿದ ಬಿಬಿ120 ಎಂಬ ಪ್ರಸಿದ್ಧ ತಳಿಯನ್ನು ಎಲ್ಲರೂ ವಿಬ್ರಿಯೊ ಹಾರ್ವೆಯಿ ಎಂದೇ ಕರೆಯುತ್ತಿದ್ದರು. ಅದರ ಜೀನೋಮ್ ಕೂಡ ಅದೇ ಹೆಸರಿನಲ್ಲಿ ಸಂಗ್ರಹ ಸೇರಿತ್ತು. 2010ರಲ್ಲಿ ಹಲವು ಜೀನುಗಳನ್ನೂ ಇಡೀ ಜೀನೋಮನ್ನೂ ಹೋಲಿಸಿದಾಗ ಅದು ವಿಬ್ರಿಯೊ ಕ್ಯಾಂಪ್‌ಬೆಲಿಯಿ ಎಂದು ತಿಳಿಯಿತು. ಜಗತ್ತಿನ ಅತ್ಯುತ್ತಮ ಪ್ರಯೋಗಾಲಯಗಳ ಕೈಯಲ್ಲಿದ್ದ ತಳಿಯ ಕಥೆಯೇ ಹೀಗಾದರೆ, ಒಂದು ಜೀನಿನ ಶೇಕಡಾವಾರು ಅಂಕಿಯನ್ನು ನೆಚ್ಚಿ ಹೊಸ ಹೆಸರಿಡಲು ಹೊರಡುವವರು ಎಷ್ಟು ಜಾಗರೂಕರಾಗಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇದೇ ಹಂತದಲ್ಲಿ ವಂಶವೃಕ್ಷವನ್ನೂ ಕಟ್ಟಿ. ಕುಲದ ಎಲ್ಲ ಪ್ರಭೇದಗಳ ಮಾದರಿ ತಳಿಗಳನ್ನೂ ಹೊರಗಿನ ಒಂದು ಪ್ರಭೇದವನ್ನೂ ಸೇರಿಸಿ, ಕನಿಷ್ಠ ಎರಡು ಭಿನ್ನ ಕ್ರಮಗಳಿಂದ, ಕೊಂಬೆಗಳು ಎಷ್ಟು ಗಟ್ಟಿ ಎಂದು ತೋರಿಸುವ 1,000 ಬೂಟ್‌ಸ್ಟ್ರಾಪ್ ಮರುಪರೀಕ್ಷೆಗಳೊಂದಿಗೆ ಕಟ್ಟಿದ ವೃಕ್ಷದಲ್ಲಿ ನಿಮ್ಮ ತಳಿ ಎರಡರಲ್ಲೂ ಒಂದೇ ಕೊಂಬೆಯ ಮೇಲೆ ಕೂರುತ್ತದೆಯೇ ಎಂಬುದನ್ನು ನೋಡಬೇಕು. ಅನುಕೂಲಕ್ಕೆ ತಕ್ಕ ನಾಲ್ಕೈದು ಪ್ರಭೇದಗಳನ್ನು ಮಾತ್ರ ಆರಿಸಿ ಕಟ್ಟಿದ ವೃಕ್ಷವನ್ನು ವಿಮರ್ಶಕರು ಮೊದಲ ನೋಟದಲ್ಲೇ ಹಿಡಿಯುತ್ತಾರೆ.

ಜೀನೋಮಿನ ತೀರ್ಪು

ಇಂದು ಪ್ರಭೇದದ ಗಡಿಯನ್ನು ನಿರ್ಧರಿಸುವುದು ಇಡೀ ಜೀನೋಮ್. ಕನಿಷ್ಠ 50 ಪಟ್ಟು ಆಳದಲ್ಲಿ (ಪ್ರತಿ ಬೇಸ್ ಸರಾಸರಿ 50 ಸಲ ಓದಾಗುವಂತೆ) ಓದಿಸಿ, ಜೋಡಿಸಿದ ಮೇಲೆ ಚೆಕ್‌ಎಂ ಎಂಬ ತಂತ್ರಾಂಶ ಬಳಸಿ ಅದರ ಪೂರ್ಣತೆಯನ್ನೂ ಬೆರಕೆಯನ್ನೂ ಅಳೆಯಿರಿ. ಆನಂತರ ಜೀನೋಮಿನೊಳಗಿನ 16ಎಸ್ ಸರಣಿಯು ಮೊದಲು ಬೇರೆಯಾಗಿ ಓದಿಸಿದ್ದ ಸರಣಿಯೊಂದಿಗೆ ತಾಳೆಯಾಗುತ್ತದೆಯೇ ಎಂದು ತಪ್ಪದೆ ನೋಡಿ. ತಾಳೆಯಾಗದಿದ್ದರೆ ನಳಿಕೆಗಳು ಎಲ್ಲೋ ಅದಲುಬದಲಾಗಿವೆ ಅಥವಾ ತಳಿ ಶುದ್ಧವಾಗಿರಲಿಲ್ಲ ಎಂದರ್ಥ.

ಹೋಲಿಕೆಯ ಅಂಕಿಗಳು ಎರಡು. ಎರಡು ಜೀನೋಮ್‌ಗಳ ಸರಾಸರಿ ನ್ಯೂಕ್ಲಿಯೋಟೈಡ್ ಸಾಮ್ಯ 95ರಿಂದ 96 ಪ್ರತಿಶತಕ್ಕಿಂತ ಕೆಳಗಿದ್ದರೆ ಅವು ಬೇರೆ ಪ್ರಭೇದಗಳು. ಇನ್ನೊಂದು, 1987ರಲ್ಲಿ ತಜ್ಞರ ಸಮಿತಿಯೊಂದು ನಿಗದಿಪಡಿಸಿದ 70 ಪ್ರತಿಶತ ಡಿಎನ್‌ಎ ಸಂಕರಣದ (ಎರಡು ತಳಿಗಳ ಡಿಎನ್‌ಎ ಎಳೆಗಳು ಪರಸ್ಪರ ಜೋಡಿಯಾಗುವ ಪ್ರಮಾಣದ) ಗೆರೆ. ಅಂದು ಪ್ರಯೋಗಾಲಯದಲ್ಲಿ ದಿನಗಟ್ಟಲೆ ಹೆಣಗಬೇಕಿದ್ದ ಆ ಪ್ರಯೋಗವನ್ನು ಇಂದು ಗಣಕದಲ್ಲೇ ಲೆಕ್ಕಹಾಕುತ್ತಾರೆ. ಡಿಎಸ್‌ಎಂಜೆಡ್‌ನ ಟಿವೈಜಿಎಸ್ ಎಂಬ ಉಚಿತ ಸೇವೆ ನಿಮ್ಮ ಜೀನೋಮಿಗೆ ಸಮೀಪದ ಮಾದರಿ ತಳಿಗಳನ್ನು ತಾನೇ ಹುಡುಕಿ ಈ ಅಂಕಿಯನ್ನು ಕೊಡುತ್ತದೆ. ಅದು ತೋರಿಸುವ ಮೂರು ಸೂತ್ರಗಳಲ್ಲಿ ಎರಡನೆಯದನ್ನು ಬಳಸಿ, ಏಕೆಂದರೆ ಅಪೂರ್ಣ ಜೋಡಣೆಯ ಜೀನೋಮ್‌ಗಳಲ್ಲೂ ಅದು ವಿಶ್ವಾಸಾರ್ಹ. ಎರಡು ಅಂಕಿಗಳೂ ಗೆರೆಯಿಂದ ದೂರವಿದ್ದರೆ ತೀರ್ಪು ಸುಲಭ. 95ರ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಹೊಸ ಹೆಸರಿಡುವ ಆತುರ ಬೇಡ. ಇನ್ನಷ್ಟು ತಳಿಗಳನ್ನು ಬೇರ್ಪಡಿಸಿ, ಅವು ಎರಡು ಸ್ಪಷ್ಟ ಗುಂಪುಗಳಾಗಿ ಒಡೆಯುತ್ತವೆಯೇ ಎಂದು ನೋಡುವುದೇ ಸರಿಯಾದ ಕ್ರಮ. ಸಮೀಪದ ಸಂಬಂಧಿಯ ಜೀನೋಮ್ ಸಾರ್ವಜನಿಕ ಸಂಗ್ರಹದಲ್ಲಿ ಇಲ್ಲದಿದ್ದರೆ ಆ ಮಾದರಿ ತಳಿಯನ್ನು ತರಿಸಿಕೊಂಡು ನೀವೇ ಓದಿಸಬೇಕಾಗುತ್ತದೆ; ಯೋಜನೆಯ ಅಂದಾಜು ವೆಚ್ಚದಲ್ಲಿ ಇದಕ್ಕೆ ಮೊದಲೇ ಜಾಗ ಮಾಡಿಡಿ.

ಹೊಸ ಕುಲವನ್ನೇ ಪ್ರಸ್ತಾಪಿಸುವ ಆಸೆ ಹಲವರಿಗೆ ಇರುತ್ತದೆ. ಅಲ್ಲಿ ಇಷ್ಟು ಖಚಿತವಾದ ಗೆರೆ ಇಲ್ಲ. 16ಎಸ್ ಸಾಮ್ಯ 94.5 ಪ್ರತಿಶತಕ್ಕಿಂತ ಕಡಿಮೆ ಇರುವುದು ಒಂದು ಸೂಚನೆ. ಎರಡು ಜೀನೋಮ್‌ಗಳು ಹಂಚಿಕೊಂಡ ಪ್ರೋಟೀನುಗಳು ಅರ್ಧಕ್ಕಿಂತ ಕಡಿಮೆಯಿರುವುದು ಇನ್ನೊಂದು. ಆದರೆ ಈ ಎರಡನೆಯ ಅಳತೆ ಕಡಲಿನಲ್ಲಿ ಹೇರಳವಾಗಿರುವ ರೋಡೊಬ್ಯಾಕ್ಟರೇಸಿಯೆ ಕುಟುಂಬದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ನೂರಾರು ಮೂಲ ಜೀನುಗಳಿಂದ ಕಟ್ಟಿದ ವೃಕ್ಷದಲ್ಲಿ ನಿಮ್ಮ ತಳಿ ಯಾವ ಕುಲದೊಳಗೂ ಬೀಳದೆ ಪ್ರತ್ಯೇಕ ಕೊಂಬೆಯಾಗಿ ನಿಂತರೆ ಮಾತ್ರ ಆ ಮಾತೆತ್ತಿ.

ಜೀವಂತ ಕೋಶದ ವರ್ಣನೆ

ಜೀನೋಮ್ ಇದ್ದ ಮೇಲೆ ತಟ್ಟೆ ನಳಿಕೆಗಳ ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಪ್ರಭೇದವನ್ನು ವರ್ಣಿಸುವುದೆಂದರೆ ಆ ಜೀವಿ ಏನು ಮಾಡುತ್ತದೆಂದು ಹೇಳುವುದು, ಮತ್ತು ಜೀನು ಇದ್ದ ಮಾತ್ರಕ್ಕೆ ಆ ಗುಣ ಪ್ರಕಟವಾಗಲೇಬೇಕೆಂಬ ನಿಯಮವಿಲ್ಲ. ಗ್ರಾಮ್ ಬಣ್ಣ, ಅದರ ಫಲಿತಾಂಶವನ್ನು ದೃಢಪಡಿಸಲು 3 ಪ್ರತಿಶತ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಪರೀಕ್ಷೆ, ಕೋಶದ ಆಕಾರ ಮತ್ತು ಅಳತೆ, ಚಲನೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಶಾಂಗಗಳ (ಈಜಲು ನೆರವಾಗುವ ಎಳೆಗಳ) ಜೋಡಣೆ, ಕ್ಯಾಟಲೇಸ್, ಆಕ್ಸಿಡೇಸ್, ಪಿಷ್ಟ, ಕೇಸೀನ್, ಆಲ್ಜಿನೇಟ್, ಅಗರ್ ಇವುಗಳ ವಿಘಟನೆ ಎಲ್ಲವೂ ಪರಿಚಿತ ಕೆಲಸಗಳೇ, ವಿವರಿಸುತ್ತ ಕೂರುವುದಿಲ್ಲ.

ಕಡಲ ತಳಿಗಳಲ್ಲಿ ಎಡವುವುದು ಉಪ್ಪಿನ ವಿಷಯದಲ್ಲಿ. ಉಪ್ಪಿನ ಸಹನೆಯನ್ನು ಅಳೆಯಲು ಮರೈನ್ ಮಾಧ್ಯಮದ ಉಳಿದ ಲವಣಗಳನ್ನು ಹಾಗೆಯೇ ಉಳಿಸಿಕೊಂಡು ಸೋಡಿಯಮ್ ಕ್ಲೋರೈಡನ್ನು ಮಾತ್ರ ಕೈಬಿಟ್ಟು ತಯಾರಿಸಿ, ಅದಕ್ಕೆ 0ಯಿಂದ ಆರಂಭಿಸಿ ಅರ್ಧರ್ಧ ಪ್ರತಿಶತ ಏರಿಸುತ್ತ ಹೋಗಬೇಕು. ಪೆಪ್ಟೋನಿನಲ್ಲೂ ಅಲ್ಪ ಸೋಡಿಯಮ್ ಇರುತ್ತದೆ, ಜೊತೆಗೆ ಹಿಂದಿನ ಮಾಧ್ಯಮದ ಉಪ್ಪು ಕೋಶಗಳೊಂದಿಗೆ ಬರುತ್ತದೆ. ಆದ್ದರಿಂದ ಉಪ್ಪಿಲ್ಲದೆ ಬೆಳೆಯುತ್ತದೆ ಎಂದು ಬರೆಯುವ ಮೊದಲು ಅದೇ ಮಾಧ್ಯಮದಲ್ಲಿ ಮೂರು ಸಲ ಮರುನಾಟಿ ಮಾಡಿ ಖಚಿತಪಡಿಸಿಕೊಳ್ಳಿ. ಎಪಿಐ, ಬಯೋಲಾಗ್ ಮುಂತಾದ ಸಿದ್ಧ ಪರೀಕ್ಷಾ ಪಟ್ಟಿಗಳು ಕಡಲ ತಳಿಗಳಿಗಾಗಿ ಹುಟ್ಟಿದವಲ್ಲ. ಅವುಗಳ ಸೂಚನೆಯಂತೆ ಸಾಮಾನ್ಯ ಲವಣದ್ರವದಲ್ಲಿ ಕಲಸಿದರೆ ಹಲವು ಕಡಲ ತಳಿಗಳು ಅಲ್ಲೇ ಒಡೆದುಹೋಗಿ ಎಲ್ಲ ಕುಳಿಗಳೂ ಋಣಾತ್ಮಕವಾಗಿ ಕಾಣುತ್ತವೆ. ಕಡಲ ಲವಣದ ಪ್ರಮಾಣವನ್ನು ತಳಿಗೆ ಹೊಂದುವಂತೆ ಏರಿಸಿ ಕಲಸಿ, ಆ ಮಾರ್ಪಾಟನ್ನು ವರದಿಯಲ್ಲಿ ನಮೂದಿಸಿ. ಪಿಎಚ್ ಪರೀಕ್ಷೆಯಲ್ಲಿ ಪ್ರತಿ ಹಂತಕ್ಕೂ ತಕ್ಕ ಬಫರ್ ಇರಲಿ. ಆಟೋಕ್ಲೇವ್ ಆದಮೇಲೆ ಮತ್ತೊಮ್ಮೆ ಅಳೆಯದಿದ್ದರೆ ಬರೆದ ಅಂಕಿ ಸುಳ್ಳಾಗಿರುವ ಸಂಭವವೇ ಹೆಚ್ಚು. 4 ಡಿಗ್ರಿಯಲ್ಲಿ ಬೆಳೆಯುವುದಿಲ್ಲ ಎನ್ನಲು ಎರಡು ದಿನ ಸಾಲದು, ವಾರಗಳು ಬೇಕು.

ಕೋಶದ ರಸಾಯನಶಾಸ್ತ್ರ ಕುಲದ ಮಟ್ಟದ ಸಾಕ್ಷಿ. ಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನ್ ಸಾಗಿಸುವ ಕ್ವಿನೋನ್ ಎಂಬ ಅಣು ಗ್ಯಾಮಪ್ರೋಟಿಯೊಬ್ಯಾಕ್ಟೀರಿಯದಲ್ಲಿ ಸಾಮಾನ್ಯವಾಗಿ ಕ್ಯೂ-8, ಆಲ್ಫಾಪ್ರೋಟಿಯೊಬ್ಯಾಕ್ಟೀರಿಯದಲ್ಲಿ ಕ್ಯೂ-10, ಫ್ಲೇವೊಬ್ಯಾಕ್ಟೀರಿಯಗಳಲ್ಲಿ ಎಂಕೆ-6 ಆಗಿರುತ್ತದೆ. ನಿಮ್ಮ ತಳಿಯಲ್ಲಿ ಬೇರೆಯದು ಬಂದರೆ ಮೊದಲು ನಮೂನೆಯ ಶುದ್ಧತೆಯನ್ನು ಶಂಕಿಸಿ. ಕೊಬ್ಬಿನ ಆಮ್ಲಗಳ ಚಿತ್ರ ಮಾಧ್ಯಮ, ಉಷ್ಣತೆ, ಬೆಳವಣಿಗೆಯ ಹಂತ ಈ ಮೂರರಿಂದಲೂ ಬದಲಾಗುವುದರಿಂದ ಬೇರೆಯವರ ಪ್ರಬಂಧದಿಂದ ಎತ್ತಿದ ಅಂಕಿಗಳ ಪಕ್ಕದಲ್ಲಿ ನಿಮ್ಮ ಅಂಕಿಗಳನ್ನಿಟ್ಟು ಹೋಲಿಸುವುದಕ್ಕೆ ಯಾವ ಬೆಲೆಯೂ ಇಲ್ಲ. ಸಮೀಪದ ಮಾದರಿ ತಳಿಗಳನ್ನು ನಿಮ್ಮದರೊಂದಿಗೇ ಬೆಳೆಸಿ, ಒಂದೇ ದಿನ ಕೊಯ್ದು, ಒಂದೇ ಉಪಕರಣದಲ್ಲಿ ಅಳೆಯಬೇಕು.

ಸಾಧ್ಯವಾದಷ್ಟೂ ಒಂದಕ್ಕಿಂತ ಹೆಚ್ಚು ತಳಿಗಳಿಂದ ಪ್ರಭೇದವನ್ನು ವರ್ಣಿಸಿ. ಒಂದೇ ತಳಿಯನ್ನು ನೋಡಿ ಬರೆದ ವರ್ಣನೆಯಲ್ಲಿ ಯಾವ ಗುಣ ಪ್ರಭೇದದ್ದು, ಯಾವುದು ಆ ತಳಿಯದಷ್ಟೇ ಎಂಬುದು ತಿಳಿಯುವುದಿಲ್ಲ. ಒಂದೇ ತಟ್ಟೆಯಿಂದ ಎತ್ತಿದ ಎರಡು ಕಾಲೊನಿಗಳು ಒಂದೇ ಕೋಶದ ಸಂತತಿಯಾಗಿರಬಹುದಾದ್ದರಿಂದ ಬಾಕ್ಸ್-ಪಿಸಿಆರ್‌ನಂಥ ಬೆರಳಚ್ಚು ಪರೀಕ್ಷೆಯಿಂದ ಅವು ಭಿನ್ನವೆಂದು ತೋರಿಸಬೇಕು.

ಹೆಸರು, ಠೇವಣಿ, ಪ್ರಕಟಣೆ

ಬ್ಯಾಕ್ಟೀರಿಯಗಳ ಹೆಸರುಗಳಿಗೆ 1980ರ ಜನವರಿ 1ರಿಂದ ಹೊಸ ಲೆಕ್ಕ ಆರಂಭವಾಯಿತು. ಅಂದು ಅಂಗೀಕೃತ ಪಟ್ಟಿಗಳಲ್ಲಿ ಇಲ್ಲದ ಹಳೆಯ ಹೆಸರುಗಳು ಮಾನ್ಯತೆ ಕಳೆದುಕೊಂಡವು. ಹೊಸ ಹೆಸರು ಲ್ಯಾಟಿನ್ ವ್ಯಾಕರಣಕ್ಕೆ ಒಳಪಟ್ಟು ಕುಲದ ಲಿಂಗವನ್ನು ಅನುಸರಿಸಬೇಕು: ವಿಬ್ರಿಯೊ ಪುಲ್ಲಿಂಗವಾದ್ದರಿಂದ ಮರೈನಸ್, ಫೋಟೋಬ್ಯಾಕ್ಟೀರಿಯಮ್ ನಪುಂಸಕವಾದ್ದರಿಂದ ಮರೈನಮ್. ಊರಿನ ಹೆಸರಿಡುವುದಾದರೆ ಪುಲ್ಲಿಂಗ ಸ್ತ್ರೀಲಿಂಗಗಳಿಗೆ ಎನ್ಸಿಸ್, ನಪುಂಸಕಕ್ಕೆ ಎನ್ಸೆ ಎಂಬ ಪ್ರತ್ಯಯ ಬರುತ್ತದೆ. ಪ್ರಭೇದಕ್ಕೆ ತಮ್ಮದೇ ಹೆಸರನ್ನು ತಾವೇ ಇಡಬಾರದೆಂಬುದು ಬ್ಯಾಕ್ಟೀರಿಯಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಸಲಹೆ.

ಮಾದರಿ ತಳಿಯನ್ನು ಎರಡು ಬೇರೆ ದೇಶಗಳ ಎರಡು ಸಾರ್ವಜನಿಕ ಸಂಗ್ರಹಾಲಯಗಳಲ್ಲಿ, ಯಾರು ಕೇಳಿದರೂ ನಿರ್ಬಂಧವಿಲ್ಲದೆ ದೊರೆಯುವಂತೆ, ಠೇವಣಿ ಇಡದೆ ಹೆಸರು ಮಾನ್ಯವಾಗುವುದಿಲ್ಲ. ನಮ್ಮಲ್ಲಿ ಚಂಡೀಗಢದ ಎಂಟಿಸಿಸಿ, ಪುಣೆಯ ಎಂಸಿಸಿ ಇವೆ. ಹೊರಗೆ ಜರ್ಮನಿಯ ಡಿಎಸ್‌ಎಂಜೆಡ್, ಜಪಾನಿನ ಜೆಸಿಎಂ, ಕೊರಿಯಾದ ಕೆಸಿಟಿಸಿ ಹೆಚ್ಚು ಬಳಕೆಯಲ್ಲಿವೆ. ಭಾರತದ ಸಂಶೋಧಕರಿಗೆ ಬಿಕ್ಕಟ್ಟು ಇರುವುದೂ ಇಲ್ಲೇ. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಇಲ್ಲಿನ ಜೈವಿಕ ಸಂಪತ್ತನ್ನು ಹೊರದೇಶಕ್ಕೆ ಕಳಿಸುವುದು ನಿಯಂತ್ರಣಕ್ಕೆ ಒಳಪಟ್ಟಿದೆ, ಸಂಹಿತೆಯೋ ನಿರ್ಬಂಧವಿಲ್ಲದ ಲಭ್ಯತೆಯನ್ನು ಕೇಳುತ್ತದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದೊಂದಿಗಿನ ಪತ್ರವ್ಯವಹಾರವನ್ನು ಪ್ರಬಂಧ ಬರೆದು ಮುಗಿದ ಮೇಲೆ ಆರಂಭಿಸುವ ಬದಲು, 16ಎಸ್ ಫಲಿತಾಂಶ ಭರವಸೆ ಮೂಡಿಸಿದ ದಿನವೇ ಆರಂಭಿಸುವುದು ಜಾಣತನ.

ಹೆಸರು ಮಾನ್ಯವಾಗುವುದು ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಸಿಸ್ಟಮ್ಯಾಟಿಕ್ ಅಂಡ್ ಎವಲ್ಯೂಷನರಿ ಮೈಕ್ರೊಬಯಾಲಜಿ ಪತ್ರಿಕೆಯಲ್ಲಿ ನೇರವಾಗಿ ಪ್ರಕಟವಾದಾಗ, ಅಥವಾ ಬೇರೆಡೆ ಪ್ರಕಟವಾದದ್ದು ಅದೇ ಪತ್ರಿಕೆಯ ಮಾನ್ಯತಾ ಪಟ್ಟಿಗೆ ಸೇರಿದಾಗ. ಎರಡನೆಯ ದಾರಿ ಹಿಡಿದವರು ಪ್ರಬಂಧದ ಪ್ರತಿಯನ್ನೂ ಠೇವಣಿಯ ಪ್ರಮಾಣಪತ್ರಗಳನ್ನೂ ತಾವೇ ಕಳಿಸಿ ಕೋರಿಕೊಳ್ಳಬೇಕು. ಇದನ್ನು ಮರೆತದ್ದರಿಂದ ವರ್ಷಗಟ್ಟಲೆ ಮಾನ್ಯತೆಯಿಲ್ಲದೆ ಉಳಿದ ಹೆಸರುಗಳು ಬೇಕಾದಷ್ಟಿವೆ. ಠೇವಣಿಗೆ ಬೇಕಾದಷ್ಟು ಬೆಳೆಯದ ಜೀವಿಗಳನ್ನು ಕ್ಯಾಂಡಿಡೇಟಸ್ ಎಂಬ ತಾತ್ಕಾಲಿಕ ಉಪಾಧಿಯೊಂದಿಗೆ ಕರೆಯುತ್ತಾರೆ. ಮೇಲೆ ಹೇಳಿದ ಎಸ್‌ಎಆರ್11 ಗುಂಪಿನ ಪೆಲಾಜಿಬ್ಯಾಕ್ಟರ್ ಯುಬೀಕ್ ಬೆಳೆಸಿದ ಮೇಲೂ ಬಹುಕಾಲ ಆ ಉಪಾಧಿಯನ್ನೇ ಹೊತ್ತಿತ್ತು. ಅಂಥವುಗಳಿಗೆ ಜೀನೋಮನ್ನೇ ಮಾದರಿಯಾಗಿ ಒಪ್ಪುವ ಸೀಕ್‌ಕೋಡ್ ಎಂಬ ಪ್ರತ್ಯೇಕ ಸಂಹಿತೆ 2022ರಿಂದ ಜಾರಿಯಲ್ಲಿದೆ. ಕೈಯಲ್ಲಿ ಜೀವಂತ ತಳಿ ಇರುವವರು ಠೇವಣಿಯ ಹಳೆಯ ದಾರಿಯನ್ನೇ ಹಿಡಿಯಲಿ. ಮುಂದೊಂದು ದಿನ ಯಾರಾದರೂ ನಿಮ್ಮ ಪ್ರಭೇದವನ್ನು ಇನ್ನೊಂದರೊಂದಿಗೆ ಹೋಲಿಸಿ ಅವೆರಡೂ ಒಂದೇ ಎಂದು ವಾದಿಸಿದರೆ, ಆ ವಾದವನ್ನು ಪರೀಕ್ಷಿಸಲು ಸಂಗ್ರಹಾಲಯದಿಂದ ತಳಿಯನ್ನು ತರಿಸಿಕೊಂಡು ಬೆಳೆಸುವ ಅವಕಾಶ ಎರಡೂ ಕಡೆಯವರಿಗೆ ಇರುತ್ತದೆ.